ಪರದೇಶ ಬಾಡಿಗೆ ಕಾರು ಮೀಮಾಂಸೆ: ಅಣ್ಣಾ ನಗರ್ ಶಾಖೆ

ಒಂದು ದೇಶದ ಲೈಸೆನ್ಸ್ ತೋರಿಸಿ ಇನ್ನೊಂದು ದೇಶದಲ್ಲಿ ಬಾಡಿಗೆಗೆ ಕಾರು ಪಡೆಯುವ ಕ್ರಿಯೆಗೆ ‘ಸೀಮೋಲ್ಲಂಘಿ ಚಾಲನಾಧಿಕಾರ ಸಂಕಥನ’ ಎಂದು ಹೆಸರು. ಇದರ ಅಂಗಗಳು ಮೂರು: ಚಾಲಕ, ಕಾರು, ಕಾಗದ. ಮೊದಲಿನ ಎರಡು ಗೌಣ, ಕಾಗದವೇ ಪ್ರಧಾನ. ಕಾರು ಓಡಿಸಲು ಸರಿಯಾಗಿ ಬಾರದವರಿಗೂ ಕಾರು ಸಿಕ್ಕಿದ್ದುಂಟು. ಕಾಗದವಿಲ್ಲದವರಿಗೆ ಸಿಕ್ಕ ನಿದರ್ಶನ ಶಾಸ್ತ್ರದಲ್ಲಿಲ್ಲ.

ಅಧ್ಯಯನದ ಕ್ಷೇತ್ರ ಚೆನ್ನೈನ ಅಣ್ಣಾ ನಗರ್. 1968ರ ಜಾಗತಿಕ ವ್ಯಾಪಾರ ಮೇಳ ನಡೆದದ್ದು ಇಲ್ಲಿ. ಆಗ ಎದ್ದ ಗೋಪುರಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಆ ಕಾರಣಕ್ಕೆ ಬಡಾವಣೆಯ ಮೇಲೆ ತಮಗೊಂದು ಸೂಕ್ಷ್ಮ ಹಕ್ಕಿದೆಯೆಂದು ಇಲ್ಲಿನ ಕನ್ನಡಿಗರ ವಾದ. ಅದನ್ನು ಎಲ್ಲರೂ ‘ಅಣ್ಣಾ ನಗರ್ ಟವರ್’ ಎಂದೇ ಕರೆಯುತ್ತಾರಲ್ಲ ಎಂಬುದು ನೆರೆಯವರ ಪ್ರತಿವಾದ. ಕ್ಷೇತ್ರದ ಆಯ್ಕೆಗೆ ನಿಜವಾದ ಕಾರಣ ಬೇರೆ: ಮಕ್ಕಳನ್ನು ಹೊರದೇಶಕ್ಕೆ ಕಳಿಸಿ, ವರ್ಷಕ್ಕೋ ಎರಡು ವರ್ಷಕ್ಕೋ ತಾವೂ ಹೋಗಿಬರುವ ನಿವೃತ್ತರು ಇಲ್ಲಿ ಹೇರಳ. ಇವರು ಮೂವತ್ತು ವರ್ಷ ಇಲ್ಲಿನ ಸೆಕೆಂಡ್ ಅವೆನ್ಯೂನಲ್ಲಿ, ಎಡದಿಂದ ನುಗ್ಗುವ ಆಟೋ, ಬಲದಿಂದ ಒತ್ತುವ ನಗರ ಸಾರಿಗೆಯ ಬಸ್ಸು, ಎದುರಿನಿಂದ ತಪ್ಪು ದಾರಿಯಲ್ಲಿ ಬರುವ ಸ್ಕೂಟರು, ಈ ಮೂರರ ನಡುವೆ ಕಾರು ಓಡಿಸಿದವರು.

ಮೂಲಗ್ರಂಥ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದ. ಅಂತಾರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ, ಎಂಬ ಪುಸ್ತಿಕೆಯ ಲಕ್ಷಣಗಳನ್ನು ಅದು ವಿಧಿಸುತ್ತದೆ: ಬೂದು ಬಣ್ಣದ ಹೊದಿಕೆ, ಬಿಳಿ ಹಾಳೆಗಳು, 148 ಮಿಲಿಮೀಟರ್ ಉದ್ದ, 105 ಅಗಲ, ಕೊನೆಯ ಪುಟ ಫ್ರೆಂಚಿನಲ್ಲಿ. ಭಾರತ ಈ ಒಪ್ಪಂದಕ್ಕೆ ಸೇರಿದ್ದು 1962ರಲ್ಲಿ. ಆಮೇಲೆ ಅರುವತ್ತು ವರ್ಷ ಈ ಪುಸ್ತಿಕೆಯ ಗಾತ್ರ, ಬಣ್ಣ, ನಮೂನೆ ರಾಜ್ಯಕ್ಕೊಂದು ತೆರನಾಗಿತ್ತು. ಇದರಿಂದ ಹೊರಗೆ ಹೋದ ಪ್ರಜೆಗಳಿಗೆ ತೊಂದರೆಯಾಗುತ್ತಿದೆ ಎಂದು ಒಪ್ಪಿಕೊಂಡ ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ದೇಶಕ್ಕೆಲ್ಲ ಒಂದೇ ನಮೂನೆ ಮಾಡಿ, ಕ್ಯೂಆರ್ ಕೋಡ್ ಅಂಟಿಸಿತು. ಅರ್ಜಿ ನಮೂನೆ 4ಎ, ಶುಲ್ಕ 1000 ರೂಪಾಯಿ, ಆಯುಸ್ಸು ಒಂದು ವರ್ಷ. ಹೊಸದಾಗಿ ಯಾವ ಪರೀಕ್ಷೆಯೂ ಇಲ್ಲ. ಈಗಾಗಲೇ ಇರುವ ಲೈಸೆನ್ಸ್ ನಿಜವೆಂದು ಹೇಳುವ ಇನ್ನೊಂದು ಕಾಗದವಷ್ಟೇ ಇದು. ಎರಡನೆಯದನ್ನು ಮೊದಲನೆಯದರ ಜೊತೆಗಿಟ್ಟೇ ತೋರಿಸಬೇಕು.

ಇನ್ನು ನಾಮತತ್ತ್ವ. ಶಾಸ್ತ್ರದ ಅತ್ಯಂತ ಜಟಿಲ ಪ್ರಕರಣ ಇದೇ. ಉದಾಹರಣೆಗೆ, ಹಾಸನದ ಕಡೆಯಿಂದ ಬಂದು ಅಣ್ಣಾ ನಗರ್‌ನಲ್ಲಿ ನೆಲೆಸಿದ ಒಬ್ಬ ಕಾಲ್ಪನಿಕ ರಾಮಚಂದ್ರಯ್ಯನವರನ್ನು ತೆಗೆದುಕೊಳ್ಳಬಹುದು. ಲೈಸೆನ್ಸಿನಲ್ಲಿ ಅವರು ‘ರಾಮಚಂದ್ರಯ್ಯ ಎಚ್ ಎಸ್’. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯದೆಂದು ಎಚ್ ಹೊಳೆನರಸೀಪುರವಾಗಿ, ಎಸ್ ಶ್ರೀನಿವಾಸಯ್ಯನಾಗಿ ಬಿಚ್ಚಿಕೊಂಡು, ಊರೂ ತಂದೆಯೂ ಕೂಡಿ ಸರ್‌ನೇಮ್ ಎಂಬ ಅಂಕಣದಲ್ಲಿ ಕುಳಿತಿದ್ದಾರೆ. ಕ್ರೆಡಿಟ್ ಕಾರ್ಡಿನಲ್ಲಿ ಜಾಗ ಸಾಲದೆ ‘ರಾಮಚಂದ್ರಯ್ಯ ಎಚ್’. ಬಾಡಿಗೆ ಕಂಪನಿಯ ಕಂಪ್ಯೂಟರಿನ ತರ್ಕದ ಪ್ರಕಾರ ಇವರು ಮೂವರು: ಒಬ್ಬರಿಗೆ ಓಡಿಸಲು ಬರುತ್ತದೆ, ಒಬ್ಬರು ದೇಶದೊಳಗೆ ಬಂದಿದ್ದಾರೆ, ಒಬ್ಬರ ಹತ್ತಿರ ದುಡ್ಡಿದೆ. ಮೂವರೂ ಕೌಂಟರಿನ ಮುಂದೆ ಒಂದೇ ಅಂಗಿಯಲ್ಲಿ ನಿಂತಿರುವುದನ್ನು ಕಂಪ್ಯೂಟರು ಸಾಕ್ಷ್ಯವೆಂದು ಪರಿಗಣಿಸುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರ ಸ್ಥಿತಿ ಇನ್ನೂ ಗಹನ. ಅಮೆರಿಕದ ವೀಸಾದಲ್ಲಿ ಅವರ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಇವರ ಹೆಸರು ತಿಳಿದಿಲ್ಲ ಎಂಬುದು ಅದರ ಅಭಿಪ್ರಾಯ.

ಕೌಂಟರಿನ ಗುಮಾಸ್ತರಲ್ಲಿ ನಾಲ್ಕು ಪ್ರಭೇದಗಳಿವೆ. ಮೊದಲನೆಯದು ‘ಅದೃಷ್ಟಪೂರ್ವವಾದಿ’: ಇಂಥ ಲೈಸೆನ್ಸನ್ನು ತಾನು ಎಂದೂ ಕಂಡಿಲ್ಲ, ಆದ್ದರಿಂದ ಅದು ಇಲ್ಲ ಎನ್ನುವವರು. ಎರಡನೆಯದು ‘ಊರ್ಧ್ವಪ್ರೇಷಕ’: ಮೇಲಿನವರನ್ನು ಕೇಳಿ ಬರುತ್ತೇನೆಂದು ಒಳಗೆ ಹೋಗುವವರು. ಉಳಿದೆರಡು ಪ್ರಭೇದಗಳೂ ಕೊನೆಗೆ ಇವೇ ಆಗುವುದರಿಂದ ವರ್ಗೀಕರಣವನ್ನು ಇಲ್ಲಿಗೆ ಬಿಡಲಾಗಿದೆ. ಇಬ್ಬರೂ ಹೇಳದೆ ಬಿಡದ ಮಂತ್ರಗಳು ಮಾತ್ರ ಸಮಾನ: ಕೊಲಿಶನ್ ಡ್ಯಾಮೇಜ್ ವೇವರ್, ಎಕ್ಸೆಸ್, ಸೂಪರ್ ಕವರ್. ಗೀರು ಬಿದ್ದರೆ ತೆರಬೇಕಾದ ದಂಡಕ್ಕೆ ಹೆದರಿ, ಆ ದಂಡದ ಭಯಕ್ಕೊಂದು ವಿಮೆ ಕೊಂಡು, ಆ ವಿಮೆಗೆ ಸೇರದ ಗಾಜು ಟೈರುಗಳಿಗೆ ಮತ್ತೊಂದು ಕೊಳ್ಳುವುದು ಇದರ ಅನುಷ್ಠಾನ ಭಾಗ. ಇಪ್ಪತ್ತೈದರ ಕೆಳಗಿನವರಿಗೆ ಹೆಚ್ಚಿನ ದರ. ಕೆಲವು ದೇಶಗಳಲ್ಲಿ ಎಪ್ಪತ್ತೈದು ದಾಟಿದವರಿಗೆ ಕಾರೇ ಕೊಡದ ಕಂಪನಿಗಳೂ ಇವೆ.

ಐಡಿಪಿ ಕಡ್ಡಾಯವೇ ಎಂಬ ಪ್ರಶ್ನೆಗೆ ಶಾಸ್ತ್ರಕಾರರಲ್ಲಿ ಒಮ್ಮತವಿಲ್ಲ. ಬ್ರಿಟನ್ನಿನಲ್ಲಿ ಭೇಟಿಗೆ ಬಂದವರಿಗೆ ಭಾರತದ ಲೈಸೆನ್ಸೇ 12 ತಿಂಗಳು ಸಾಕು. ಚೀನಾ ಈ ಪುಸ್ತಿಕೆಯನ್ನು ಒಪ್ಪುವುದೇ ಇಲ್ಲ. ಜಪಾನಿನಲ್ಲಿ 1949ರ ನಮೂನೆಯದೇ ಬೇಕು. ಅಮೆರಿಕದಲ್ಲಿ ರಾಜ್ಯಕ್ಕೊಂದು ಮತ. ಫ್ಲಾರಿಡಾದ ಪ್ರಸಂಗ ವಿಶೇಷವಾಗಿ ಗಮನಾರ್ಹ. 2013ರ ಜನವರಿ 1ರಿಂದ ಪರದೇಶದವರೆಲ್ಲ ಐಡಿಪಿ ಹಿಡಿದಿರಬೇಕೆಂದು ಆ ರಾಜ್ಯ ಕಾನೂನು ಮಾಡಿತು. ಚಳಿಗಾಲ ಕಳೆಯಲು ಅಲ್ಲಿಗೆ ಇಳಿಯುವ ಕೆನಡಾದವರು ಹುಯಿಲೆಬ್ಬಿಸಿದರು. ಇದು 1949ರ ಒಪ್ಪಂದಕ್ಕೆ ವಿರುದ್ಧವಾದೀತೆಂಬ ಅರಿವು ಕೆಲವೇ ವಾರಗಳಲ್ಲಿ ಮೂಡಿ, ಜಾರಿ ನಿಂತು, ಕಾನೂನೇ ತಿದ್ದುಪಡಿಯಾಯಿತು. ಒಪ್ಪಂದ ಬದುಕಿದೆ ಎಂದಾಯಿತು! ಅದೇ ಒಪ್ಪಂದದ ಬೂದು ಪುಸ್ತಿಕೆಯನ್ನು ರಾಮಚಂದ್ರಯ್ಯನವರು ಮುಂದೆ ಚಾಚಿದಾಗ, ಗುಮಾಸ್ತರು ಅದನ್ನು ತೆರೆಯದೆ, ಎರಡು ಬೆರಳಿನಲ್ಲಿ ಹಿಡಿದು, ಹಿಂದಕ್ಕೆ ಸರಿಸುತ್ತಾರೆ. ಒಪ್ಪಂದದಲ್ಲಿ ಸಹಿಗಳೆಲ್ಲ ಸಮಾನ. ಕೌಂಟರಿನಲ್ಲಿ ಪಾಸ್‌ಪೋರ್ಟಿನ ಬಣ್ಣ ನೋಡಿ ದನಿ ಬದಲಾಗುತ್ತದೆ. ಇದಕ್ಕೆ ಪಾರಿಭಾಷಿಕ ಪದ ಹುಡುಕಬೇಕಾಗಿಲ್ಲ, ಇದು ತಾತ್ಸಾರ.

ವಿಲೋಮ ಪ್ರಕರಣ ಸಂಕ್ಷಿಪ್ತ. ಪರದೇಶದ ಲೈಸೆನ್ಸಿನ ಮಗ ಅಣ್ಣಾ ನಗರ್‌ಗೆ ಬಂದರೆ ಅವನೂ ಅಲ್ಲಿಂದ ಐಡಿಪಿ ತರಬೇಕು. ಇಲ್ಲಿ ತಾವೇ ಓಡಿಸುವ ಬಾಡಿಗೆ ಕಾರಿಗೆ 1989ರ ರೆಂಟ್ ಎ ಕ್ಯಾಬ್ ಯೋಜನೆಯ ಕಟ್ಟಳೆಯಿದೆ: ಕನಿಷ್ಠ 50 ಕಾರಿರುವವರಿಗೇ ಪರವಾನಗಿ. ನಂಬರ್ ಪ್ಲೇಟು ಕಪ್ಪು, ಅಕ್ಷರ ಹಳದಿ. ಮಗ ಅದರಲ್ಲಿ ಬಡಾವಣೆಯ ರೌಂಡಾನ ವೃತ್ತದವರೆಗೆ ಒಮ್ಮೆ ಹೋಗಿ ಬೆವರಿ ಮರಳುತ್ತಾನೆ. ಮರುದಿನದಿಂದ ಅಪ್ಪನ ಕಾರು, ದಿನಗೂಲಿಗೆ ಬರುವ ಒಬ್ಬ ಆಕ್ಟಿಂಗ್ ಡ್ರೈವರ್, ಹಿಂದಿನ ಸೀಟಿನಲ್ಲಿ ಮಗ. ಅವನನ್ನು ಯಾರೂ ಹೆಸರು ಕೇಳುವುದಿಲ್ಲ.

ಅಪ್ಪನ ಪ್ರಕರಣ ಅಷ್ಟು ಸುಲಭದಲ್ಲಿ ಮುಗಿಯುವುದಿಲ್ಲ. ಐವತ್ತೈದು ದಾಟಿದವರ ಲೈಸೆನ್ಸನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಪ್ರತಿ ಸಲವೂ ವೈದ್ಯರ 1ಎ ಪ್ರಮಾಣಪತ್ರ ಬೇಕು. ರಾಮಚಂದ್ರಯ್ಯನವರ ಕಣ್ಣು ಸರಿಯಿದೆ, ಕಾಲು ಸರಿಯಿದೆ ಎಂದು ವೈದ್ಯರು ಬರೆದಿದ್ದಾರೆ. ಅವರಿಗೆ ಓಡಿಸಲು ಬರುತ್ತದೆ ಎಂದು ರಾಜ್ಯ ಹೇಳಿದೆ. ಹೌದೆಂದು ಜಿನೀವಾ ತಲೆಯಾಡಿಸಿದೆ. ಆದರೂ ಮಗನ ಊರಿನಲ್ಲಿ ಅವರು ಮನೆಯೊಳಗೆ ಕೂತಿರುತ್ತಾರೆ. ಅಂಗಡಿ ನಾಲ್ಕು ಮೈಲಿ ದೂರ, ಬಸ್ಸಿಲ್ಲ, ನಡೆದು ಹೋಗಲು ಫುಟ್‌ಪಾತಿಲ್ಲ. “ಬೇಡಪ್ಪಾ, ಇನ್ಶೂರೆನ್ಸ್ ರಗಳೆಯಾಗುತ್ತೆ, ಶನಿವಾರ ನಾನೇ ಕರಕೊಂಡು ಹೋಗ್ತೀನಿ” ಎನ್ನುತ್ತಾನೆ ಮಗ. ಅವನ ಮಾತು ತಪ್ಪಲ್ಲ. ಸೊಪ್ಪು ತರಲು, ದೇವಸ್ಥಾನಕ್ಕೆ, ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ಯಾರನ್ನೂ ಕೇಳದ ಮನುಷ್ಯ, ಒಂದು ಕಟ್ಟು ಕೊತ್ತಂಬರಿಗೆ ಶನಿವಾರದ ದಾರಿ ಕಾಯುತ್ತಾರೆ. ಈ ನಷ್ಟ ಯಾವ ಕವರ್‌ಗೂ ಸೇರುವುದಿಲ್ಲ. ಬಾಡಿಗೆ ಕಾರಿನ ಯೋಚನೆ ಅವರಿಗೆ ಬಂದದ್ದೇ ಇದಕ್ಕೆ. ಊರು ನೋಡುವ ಚಪಲಕ್ಕಲ್ಲ.

ಕಾರು ಸಿಕ್ಕಿದವರ ವಿಷಯದಲ್ಲಿ ಉಳಿಯುವುದು ಉಪಸಂಹಾರ ವಿಧಿ. ಕಾರ್ಡಿನ ಮೇಲೆ ಹಿಡಿದಿಟ್ಟ ಠೇವಣಿ, ಕಾರು ಹಿಂದಿರುಗಿಸಿದ ಮೇಲೆ ತನ್ನ ಸಮಯ ನೋಡಿಕೊಂಡು ಬಿಡುಗಡೆಯಾಗುತ್ತದೆ. ಆಮೇಲೆ ಕೆಲವು ವಾರಗಳಿಗೆ, ಎಲ್ಲೋ ದಾಟಿದ ಟೋಲಿನ ಚಿಲ್ಲರೆ ಹಣಕ್ಕೆ ಒಂದು ಬಿಲ್ಲು, ಆ ಬಿಲ್ಲು ಕಳಿಸಿದ್ದಕ್ಕೆ ಅದಕ್ಕಿಂತ ದೊಡ್ಡ ಸೇವಾ ಶುಲ್ಕ ಸಮೇತ, ಅಣ್ಣಾ ನಗರ್ ವಿಳಾಸಕ್ಕೆ ಬರುತ್ತದೆ. ಅದರಲ್ಲಿ ಹೆಸರು ಒಂದಕ್ಷರ ತಪ್ಪದೆ, ಹೊಳೆನರಸೀಪುರ ಶ್ರೀನಿವಾಸಯ್ಯ ರಾಮಚಂದ್ರಯ್ಯ ಎಂದು ಪೂರ್ತಿಯಾಗಿ ಅಚ್ಚಾಗಿರುತ್ತದೆ.