ಓವನ್ ಪಾತ್ರೆ ಕೊಂಡ ಕೊಡಗಿನ ಮನೆಯವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ನೆಂಟರೇ, ನೆರೆಹೊರೆಯವರೇ,

ಕಳೆದ ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಮನೆಯ ಸ್ಟೋನ್‌ವೇರ್ ಪಾತ್ರೆ ಒಡೆಯಿತು. ಮಗಳು ಕೊಟ್ಟದ್ದು, ನೀಲಿ ಬಣ್ಣದ್ದು. ಹಂದಿ ಮಾಂಸ ಬೇಯಿಸಿ ಓವನ್ನಿನಿಂದ ತೆಗೆದವಳು ಅದನ್ನು ಹಾಗೇ ಗ್ರಾನೈಟ್ ಕಟ್ಟೆಯ ಮೇಲಿಟ್ಟೆ. ಮಳೆಗಾಲದಲ್ಲಿ ನಮ್ಮ ಕಟ್ಟೆಗಳು ಒಣಗುವುದುಂಟೇ? ಟಪ್ಪೆಂದು ಸದ್ದಾಯಿತು. ಅಂಚಿನಿಂದ ತಳದವರೆಗೆ ಕೂದಲೆಳೆಯಷ್ಟು ಸಣ್ಣ ಗೆರೆ, ಅದರೊಳಗಿಂದ ಕೊಬ್ಬು ಹನಿಹನಿಯಾಗಿ ಜಿನುಗತೊಡಗಿತು.

ಭಟ್ಟಿಯಲ್ಲಿ ಸುಮಾರು 1200 ಡಿಗ್ರಿಯ ಬೆಂಕಿ ದಾಟಿ ಬಂದ ಪಾತ್ರೆ ನನ್ನ ಓವನ್ನಿನ 180 ಡಿಗ್ರಿಗೆ ಹೇಗೆ ಸೋತಿತು? ಅದು ಸೋತದ್ದು ಬಿಸಿಗಲ್ಲ. ಕಾದ ತಳಕ್ಕೆ ತಣ್ಣನೆಯ ಕಲ್ಲು ತಾಗಿತು. ತಾಗಿದ ಕಡೆ ಕುಗ್ಗಲು ಹೊರಟಿತು, ಉಳಿದದ್ದು ಹಿಗ್ಗಿಯೇ ಇತ್ತು. ಆ ಎಳೆದಾಟದಲ್ಲಿ ಸೀಳಿತು. ಆದ್ದರಿಂದ ಓವನ್ನಿನಿಂದ ತೆಗೆದ ಪಾತ್ರೆಗೆ ಮರದ ಹಲಗೆಯನ್ನೋ ಒಣ ಬಟ್ಟೆಯನ್ನೋ ಹಾಸಿ ಕೊಡಿ. ಫ್ರಿಜ್‌ನಿಂದ ತೆಗೆದದ್ದನ್ನು ನೇರ ಓವನ್ನಿಗಿಡಬೇಡಿ, ಗ್ಯಾಸಿನ ಉರಿಗಂತೂ ಬೇಡವೇ ಬೇಡ. ಕಾದ ಪಾತ್ರೆಗೆ ನಲ್ಲಿ ನೀರು ಬಿಡಬೇಡಿ.

ಇದು ನಮಗೆ ಹೊಸ ಸಂಗತಿಯೇನಲ್ಲ. ಅವ್ವನ ಅಡುಗೆಮನೆಯ ಮೂಲೆಯಲ್ಲಿ ಕಾಚಂಪುಳಿಯ ಭರಣಿ ಇರುತ್ತಿತ್ತು. ಕಾಡಿನ ಹುಳಿಹಣ್ಣಿನ ರಸವನ್ನು ಕಪ್ಪಾಗಿ ಗಟ್ಟಿಯಾಗುವ ತನಕ ಕುದಿಸಿ, ತಣಿದ ಮೇಲಷ್ಟೇ ಅದಕ್ಕೆ ತುಂಬುತ್ತಿದ್ದಳು. ಮುಚ್ಚಳಕ್ಕೆ ಬಟ್ಟೆ ಕಟ್ಟುತ್ತಿದ್ದಳು, ಒದ್ದೆ ಸೌಟು ಹಾಕಲು ಬಿಡುತ್ತಿರಲಿಲ್ಲ. ಅದೂ ಗಟ್ಟಿಯಾಗಿ ಸುಟ್ಟ ಮಣ್ಣು. ನಮ್ಮ ಓವನ್ ಪಾತ್ರೆ ಅದರ ಹತ್ತಿರದ ಬಂಧು. ಭರಣಿಗೆ ತೋರಿದ ಜತನವನ್ನು ಇದಕ್ಕೂ ತೋರಿ ಎಂದಷ್ಟೇ ನನ್ನ ಬೇಡಿಕೆ.

ತೊಳೆಯುವಾಗ ನಾವು ಕೈಗೆತ್ತಿಕೊಳ್ಳುವುದು ಸ್ಟೀಲ್ ಸ್ಕ್ರಬ್ಬರ್. ದಯವಿಟ್ಟು ಅದನ್ನು ದೂರ ಇಡಿ. ಮೆರುಗಿನ ಲೇಪಕ್ಕೆ ಗೀರು ಬಿದ್ದರೆ ಅಲ್ಲಿ ಜಿಡ್ಡು ಕೂರುತ್ತದೆ, ಮರುದಿನ ಇನ್ನೂ ಜೋರಾಗಿ ತಿಕ್ಕುತ್ತೇವೆ. ಪಾತ್ರೆ ಪೂರ್ತಿ ಆರಿದ ಮೇಲೆ ಬೆಚ್ಚನೆಯ ನೀರು ತುಂಬಿ ಅರ್ಧ ಗಂಟೆ ಬಿಡಿ. ಸೀದದ್ದು ಮೆತ್ತಗಾದ ಮೇಲೆ ಮರದ ಸೌಟಿನಿಂದ ಎಬ್ಬಿಸಿ. ಮೊಂಡು ಕಲೆಗೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಸ್ಪಂಜಿನಿಂದ ಉಜ್ಜಿ. ಸ್ಟೀಲ್ ಚಮಚ ಎಳೆದ ಬೂದು ಗೆರೆಗಳೂ ಇದಕ್ಕೆ ಬಹಳಷ್ಟು ಹೋಗುತ್ತವೆ. ಆಮೇಲೂ ಉಳಿಯುವ ಕಂದು ಛಾಯೆ ಕೊಳೆಯಲ್ಲ, ಇರಲಿ ಬಿಡಿ.

ಭಯಪಡಬೇಕಾದದ್ದು ಕಲೆಗಲ್ಲ, ಬಿರುಕಿಗೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಪಾತ್ರೆ ಕಣಕಣ ಎನ್ನುತ್ತದೆ, ಸೀಳು ಬಿಟ್ಟದ್ದು ಮಂಕು ದನಿ ಕೊಡುತ್ತದೆ. ಅಂಥದನ್ನು ಪ್ರೀತಿಗೆಂದು ಇಟ್ಟುಕೊಳ್ಳಬಹುದು, ಅಡುಗೆಗೆ ಬೇಡ. ಅಂಗಡಿಯಲ್ಲಿ ಕೊಳ್ಳುವಾಗ ಆಹಾರಕ್ಕೆ ಯೋಗ್ಯವೇ, ಸೀಸವಿಲ್ಲದ ಮೆರುಗೇ ಎಂದು ಕೇಳಿ. ಕೆಲವು ಮೆರುಗುಗಳಲ್ಲಿ ಸೀಸ ಇರುತ್ತದೆ, ಹುಳಿ ಅದನ್ನು ಎಳೆದು ಊಟಕ್ಕೆ ಬೆರೆಸುತ್ತದೆ. ಕಾಚಂಪುಳಿಯಂಥ ಕಡುಹುಳಿ ಸುರಿಯುವ ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ನಾಚಿಕೆ ಸಲ್ಲದು. ಉತ್ತರ ಸಿಗದಿದ್ದರೆ ಆ ಪಾತ್ರೆಯಲ್ಲಿ ಹೂವಿಡಿ.

ಇನ್ನು ಒಣಗಿಸುವುದು. ಪಾತ್ರೆಯ ಪಾದ ನೋಡಿ, ಅಲ್ಲಿ ಮೆರುಗಿಲ್ಲ, ಮಣ್ಣು ಬರಿಯದು. ಸರಿಯಾಗಿ ಸುಡದ ಮಣ್ಣಾದರೆ ಅದು ನೀರು ಹೀರಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಓವನ್ ಕಾದಾಗ ಆ ನೀರು ಒಳಗೇ ಆವಿಯಾಗಿ ಪಾತ್ರೆಯನ್ನು ಸೀಳಬಹುದು. ಒಂದರ ಮೇಲೊಂದು ಪೇರಿಸುವಾಗ ನಡುವೆ ಬಟ್ಟೆಯ ತುಂಡು ಹಾಕಿ, ಒರಟು ಪಾದ ಕೆಳಗಿನದರ ಮೆರುಗನ್ನು ಗೀರುತ್ತದೆ. ಸೌದೆ ಒಲೆ ಇನ್ನೂ ಇರುವ ಮನೆಯವರು ಪುಣ್ಯವಂತರು, ಒಣಗಿಸಲು ಒಲೆಯ ಮೇಲಿನ ಅಟ್ಟದಲ್ಲಿ ಒಂದು ರಾತ್ರಿ ಇಟ್ಟರೆ ಸಾಕು. ಇಲ್ಲದವರು ಗೋಡೆಗೆ ಓರೆಯಾಗಿ ಒರಗಿಸಿ, ತಳಕ್ಕೂ ಗಾಳಿಯಾಡಲಿ. ಒದ್ದೆ ಕಟ್ಟೆಯ ಮೇಲೆ ಮಾತ್ರ ಮಗುಚಿ ಹಾಕಬೇಡಿ.

ನಿಮ್ಮವಳೇ ಆದ,
ಮಡಿಕೇರಿ ಕಡೆಯ ಒಬ್ಬ ಗೃಹಿಣಿ