ಬಿನ್, ಕೋಂ, ಪೈಕಿ: ದತ್ತಾಂಶ ಸೂಚಿಶಾಸ್ತ್ರ ಕುರಿತ ಕಿರು ಮಹಾಪ್ರಬಂಧ

ದೇವನಹಳ್ಳಿಯಲ್ಲಿ ವಿಮಾನ ಇಳಿದು ಬರುವ ಸಲಹೆಗಾರರು ಈಚೆಗೆ ಕಂಪನಿಗಳಿಗೆ 'ಡೇಟಾ ಕ್ಯಾಟಲಾಗ್' ಎಂಬ ವಿದ್ಯೆ ಬೋಧಿಸುತ್ತಿದ್ದಾರೆ. ಯಾವ ಮಾಹಿತಿ ಎಲ್ಲಿದೆ, ಯಾರ ಸುಪರ್ದಿಯಲ್ಲಿದೆ, ಎಲ್ಲಿಂದ ಬಂತು, ಯಾರು ಮುಟ್ಟಬಹುದು ಎಂದು ಬರೆದಿಡುವ ಸೂಚಿ ಅದು. ಅದಿಲ್ಲದೆ ದತ್ತಾಂಶದ ಆಡಳಿತವೇ ನಡೆಯದಂತೆ. ತಾವು ಇಳಿದ ರನ್‌ವೇ ಒಂದು ಕಾಲಕ್ಕೆ ಪಹಣಿಗಳ ಸಾಲಾಗಿತ್ತು ಎಂದು ಅವರಿಗೆ ಯಾರೂ ಹೇಳಿದಂತಿಲ್ಲ. ಈ ವಿದ್ಯೆ ಹುಟ್ಟಿದ್ದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಎಂಬುದೇ ನಮ್ಮ ಪ್ರಮೇಯ.

ಪೂರ್ವಪಕ್ಷ: 'ಲೀನಿಯೇಜ್', ಅಂದರೆ ಮಾಹಿತಿಯ ಹುಟ್ಟಿನ ಜಾಡು, ಹೊಸ ಕಲ್ಪನೆ. ಖಂಡನೆ: ವಂಶವೃಕ್ಷ ಕೊಡದೆ ಪೌತಿ ಖಾತೆ ಮಾಡಿಸಿಕೊಂಡವರನ್ನು ತೋರಿಸಿ. 'ಮೆಟಾಡೇಟಾ'? ಷರಾ. 'ಸ್ಟೀವರ್ಡ್'? ಶಾನುಭೋಗರು.

ಶಾನುಭೋಗರ ಬಳಿ ಕೊಂಚ ನಿಲ್ಲಬೇಕು. ದೊಡ್ಡಬಳ್ಳಾಪುರ ಸೀಮೆಯಲ್ಲಿ ಮುನಿಯಪ್ಪ ಬಿನ್ ಮುನಿಯಪ್ಪ, ಚಿಕ್ಕಮುನಿಯಪ್ಪ ಉರುಫ್ ಮುನಿಯಪ್ಪ, ಮುನಿಯಮ್ಮ ಕೋಂ ಲೇಟ್ ಮುನಿಯಪ್ಪ ಒಂದೇ ಸರ್ವೆ ನಂಬರಿನಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. "ಯಾವ ಮುನಿಯಪ್ಪ? ಹುಣಸೆಮರದ ಮನೆಯವನಾ?" ಎಂಬ ಒಂದೇ ಪ್ರಶ್ನೆಯಲ್ಲಿ ಶಾನುಭೋಗರು ಬಗೆಹರಿಸುತ್ತಿದ್ದ ಕೆಲಸಕ್ಕೆ ಈಗ ಸಾಫ್ಟ್‌ವೇರ್ ಮಾರುತ್ತಾರೆ. (ಸೂಚಿ ಅವರ ತಲೆಯಲ್ಲಿತ್ತು, ಬೀಗದ ಕೈಯೂ ಅಲ್ಲೇ ಇತ್ತು. ಅದನ್ನು ಹೊಗಳಲು ಪ್ರಬಂಧಕಾರ ಸಿದ್ಧನಿಲ್ಲ.) 1961ರ ಕಾಯ್ದೆ ಆ ವಂಶಪಾರಂಪರ್ಯದ ಹುದ್ದೆಯನ್ನು ರದ್ದುಮಾಡಿತು. ಹುಣಸೆಮರ ಮಾತ್ರ ದಾಖಲೆಗೆ ಬರಲೇ ಇಲ್ಲ.

ಆಮೇಲೆ 'ಭೂಮಿ' ಯೋಜನೆ ಬಂತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಹೊಕ್ಕು, ಆಗಿನ 15 ರೂಪಾಯಿಗೆ ಅಚ್ಚಾಗಿ ಹೊರಬಂದವು. ತಿದ್ದಿದವರು ಯಾರೆಂಬುದಕ್ಕೆ ಬೆರಳಚ್ಚಿನ ಸಾಕ್ಷಿ ಸಿಕ್ಕಿತು. ಇಷ್ಟನ್ನು ಅಣಕಿಸಲಾಗದು. ಪಹಣಿಯ 9ನೇ ಕಾಲಂನಲ್ಲಿ ಒಡೆಯ, 11ರಲ್ಲಿ ಸಾಲ, 12ರಲ್ಲಿ ಬೆಳೆ. ಆದರೆ ಹೊಸಕೋಟೆ ಕಡೆಯ ಒಂದು ಹೊಲದ ಕಾಲಂ ರಾಗಿ ಎನ್ನುತ್ತದೆ, ಹೊಲ ನೀಲಗಿರಿ ಎನ್ನುತ್ತದೆ ಅನ್ನಿ. ಆಗ ಯಾವುದು ಪ್ರಮಾಣ, ಶಬ್ದವೋ ಪ್ರತ್ಯಕ್ಷವೋ? ಬ್ಯಾಂಕಿನವರು ಶಬ್ದಪ್ರಮಾಣವಾದಿಗಳು.

ಇನ್ನು 'ಪೈಕಿ'. ಪೋಡಿಯಾಗದ, ಅಂದರೆ ಅಳೆದು ಪಾಲು ಬೇರ್ಪಡಿಸದ, ಜಮೀನಿನಲ್ಲಿ ಎಷ್ಟು ಗುಂಟೆ ಎಂಬುದು ಎಲ್ಲರಿಗೂ ಗೊತ್ತು, ಯಾವ ಗುಂಟೆ ಎಂಬುದು ಯಾರಿಗೂ ಗೊತ್ತಿಲ್ಲ. 'ಪೈಕಿ' ಎಂಬುದು ಅವ್ಯಯವೋ ವ್ಯಾಜ್ಯವೋ ಎಂಬ ಬಗ್ಗೆ ವೈಯಾಕರಣರಿಗೂ ವಕೀಲರಿಗೂ ಒಮ್ಮತವಿಲ್ಲ. ಬೇಚಿರಾಕ್ ಗ್ರಾಮಗಳಲ್ಲಂತೂ ವಾಸಿಗಳೇ ಇಲ್ಲ. ವಾರಸುದಾರರಿಗೆ ಮಾತ್ರ ಕೊರತೆಯಿಲ್ಲ.

ಎರಡನೇ ಸಂಪುಟ ಪ್ರಬಂಧಕಾರನ ಪೋಡಿ ಅರ್ಜಿ ಇತ್ಯರ್ಥವಾದ ಮೇಲೆ.