ಬಾವಲಿಗಳಿಗೂ ದೃಢೀಕರಣ

ಜರ್ಮನಿಯಲ್ಲಿ ಹದಿನಾಲ್ಕು ತುಂಬಿದ ಮಕ್ಕಳು ತಮ್ಮ ಧರ್ಮ ಯಾವುದೆಂದು ತಾವೇ ತೀರ್ಮಾನಿಸಬಹುದು. 1921ರಷ್ಟು ಹಳೆಯ ಕಾನೂನು ಇದು. ಕಾರು ಓಡಿಸುವಂತಿಲ್ಲ, ಸಿಗರೇಟು ಕೊಳ್ಳುವಂತಿಲ್ಲ; ಆದರೆ 'ನನಗೆ ಚರ್ಚು ಬೇಡ' ಎಂದು ಎದ್ದು ನಡೆದರೆ ಹೆತ್ತವರು ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಲೂಥರನ್ ಸಭೆಯವರು ಹುಡುಕಿ ಹುಡುಕಿ ಇದೇ ವಯಸ್ಸಿಗೆ ದೃಢೀಕರಣ ಇಟ್ಟುಕೊಂಡಿದ್ದಾರೆ. ತೊಟ್ಟಿಲ ಕೂಸಾಗಿದ್ದಾಗ ದೀಕ್ಷಾಸ್ನಾನದ ಹೊತ್ತಿನಲ್ಲಿ ದೊಡ್ಡವರು ಇವರ ಪರವಾಗಿ ಹೇಳಿದ್ದ 'ಹೌದು' ಎಂಬ ಮಾತನ್ನು ಈಗ ಇವರೇ ಸಭೆಯ ಮುಂದೆ ನಿಂತು ಹೇಳಬೇಕು. ಯಾರು? ದನಿ ಒಡೆದ, ಮೊಡವೆ ಎದ್ದ, ಯಾವ ಪ್ರಶ್ನೆಗೂ ಹೆಗಲು ಕುಣಿಸುವುದನ್ನೇ ಉತ್ತರವೆಂದು ಕೊಡುವ ಜನ. ಹಲ್ಲುಜ್ಜಿದೆಯಾ ಎಂದು ಕೇಳಿದರೂ ಇವರ ಬಾಯಿಂದ ನೆಟ್ಟಗೆ 'ಹೌದು' ಬರುವುದಿಲ್ಲ.

ನಾವಿರುವುದು ಸ್ಟುಟ್‌ಗಾರ್ಟಿನ ಹತ್ತಿರ, ಎಸ್ಲಿಂಗನ್ ಕಡೆಗೆ. ನಾನು ಮಂಗಳೂರಿನವಳು. ಬಲ್ಮಠದ ಶಾಂತಿ ಕೆಥೆಡ್ರಲಿನಲ್ಲಿ ಸಂಡೇ ಸ್ಕೂಲು ಮುಗಿಸಿ, ಬಿಷಪ್ಪರ ಕೈ ತಲೆಯ ಮೇಲೆ ಬಿದ್ದು, ಕ್ರಮಬದ್ಧವಾಗಿ ದೃಢಪಟ್ಟವಳು. ನಮ್ಮ ಸಭೆ ಕಟ್ಟಿದ ಬಾಸೆಲ್ ಮಿಶನ್ನಿನ ಎಷ್ಟೋ ಪಾದ್ರಿಗಳು ಈ ವ್ಯುರ್ಟೆಂಬರ್ಗ್ ಸೀಮೆಯವರೇ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇಲ್ಲಿನ ಬ್ರಾಕನ್‌ಹೈಮಿನಲ್ಲಿ, ಕಣ್ಣು ಮುಚ್ಚಿದ್ದು ಎಸ್ಲಿಂಗನ್ನಿನಲ್ಲಿ. ಹಾಗಾಗಿ ಮಗಳನ್ನು ಇಲ್ಲಿನ ತರಗತಿಗೆ ಸೇರಿಸುವಾಗ ನನಗೆ ಸ್ವಲ್ಪ ಗತ್ತೇ ಇತ್ತು. ಸರಕು ತಯಾರಾದ ಕಾರ್ಖಾನೆಗೇ ಬಂದಿದ್ದೇವಲ್ಲ!

ತರಗತಿ ಬುಧವಾರ ಮಧ್ಯಾಹ್ನ. ಇದು ಈ ಸೀಮೆಯ ಹಳೆಯ ರೂಢಿ. ಒಂದು ವರ್ಷದ ಪಾಠ, ಮಕ್ಕಳಿಗೆ 'ಕೊನ್ಫಿ'ಗಳೆಂದು ಹೆಸರು. ನಮ್ಮ ಪಾಸ್ಟರ್ ಹೆಂಗಸು. ಪಾದ್ರಿಯೆಂದರೆ ಅಯ್ಯನವರೆಂದೇ ರೂಢಿಯಾದ ಅಮ್ಮ ಊರಿಂದ ಫೋನು ಮಾಡಿದಾಗೆಲ್ಲ "ನಿಮ್ಮ ಅಯ್ಯನವರು ಹೇಗಿದ್ದಾರೆ?" ಎಂದು ವಿಚಾರಿಸುತ್ತಾರೆ. "ಅಯ್ಯನವರು ಹೆರಿಗೆ ರಜೆಯಲ್ಲಿದ್ದಾರೆ ಅಮ್ಮ" ಎಂದು ಒಮ್ಮೆ ನಾನು ಹೇಳಿದ್ದಕ್ಕೆ ಅತ್ತಲಿಂದ ಬಹಳ ಹೊತ್ತು ಮಾತೇ ಇರಲಿಲ್ಲ. ನೆಟ್‌ವರ್ಕ್ ಹೋಯಿತೆಂದುಕೊಂಡೆ. ಹೋಗಿರಲಿಲ್ಲ.

ಪಾಠಕ್ಕಿಂತ ಮುಖ್ಯವಾದದ್ದು ಕಾರ್ಡು. ವರ್ಷದಲ್ಲಿ ಇಂತಿಷ್ಟು ಭಾನುವಾರ ಆರಾಧನೆಗೆ ಬಂದಿರಬೇಕು, ಬಂದದ್ದಕ್ಕೆ ಕಾರ್ಡಿನ ಮೇಲೆ ಸಹಿ ಬೀಳಬೇಕು. ಕೊನೆಯ ಆಶೀರ್ವಾದ ಮುಗಿದು ಆರ್ಗನ್ನಿನ ಸದ್ದು ಅಡಗುವ ಮೊದಲೇ ಕೊನ್ಫಿಗಳು ಬಾಗಿಲ ಬಳಿ ಸಾಲುಗಟ್ಟಿರುತ್ತಾರೆ. ದೇವರ ಮನೆಯಿಂದ ಇಷ್ಟು ಶಿಸ್ತಾಗಿ, ಇಷ್ಟು ವೇಗವಾಗಿ ಹೊರಬೀಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಚರ್ಚು ನೋಡಿಕೊಳ್ಳುವ ಹಿರಿಯರೊಬ್ಬರು ಕನ್ನಡಕ ಮೂಗಿನ ತುದಿಗಿಳಿಸಿ ಒಂದೊಂದೇ ಕಾರ್ಡಿಗೆ ಸಹಿ ಹಾಕುತ್ತಾರೆ. ಅಲ್ಲಿ ನಡೆಯುವ ವ್ಯಾಪಾರವನ್ನು ಹಂಪನಕಟ್ಟೆಯ ಮೀನು ಹೆಂಗಸರೂ ಕೇಳಿ ಕಲಿಯಬಹುದು. ಕ್ರಿಸ್ಮಸ್ ಸಂಜೆ ಮಕ್ಕಳ ನಾಟಕಕ್ಕೂ ಬಂದೆ, ನಡುರಾತ್ರಿಯ ಆರಾಧನೆಗೂ ಬಂದೆ, ಎರಡು ಸಹಿ ತಾನೇ? ಅತ್ತೆಯ ಮದುವೆ ಚರ್ಚಿನಲ್ಲೇ ಆಯಿತು, ಅದು ಸೇರುತ್ತದಲ್ಲವೇ? ಒಬ್ಬ ಹುಡುಗ ಗಂಭೀರವಾಗಿ, "ನಮ್ಮ ಅಜ್ಜನ ಶವಸಂಸ್ಕಾರ ಲೆಕ್ಕಕ್ಕೆ ಹಿಡಿಯುತ್ತೀರಾ?" ಎಂದು ಕೇಳಿದ. ಹಿರಿಯರು ಕ್ಷಣ ಯೋಚಿಸಿ ಸಹಿ ಹಾಕಿದರು. ನನಗಂತೂ ಈ ಕಾರ್ಡಿನ ಪದ್ಧತಿ ಸರಿಯೆಂದೇ ಕಾಣುತ್ತದೆ. ಭಕ್ತಿಯಿಂದಲೇ ಬರಲಿ ಎಂದು ಕಾದರೆ ಹಿಂದಿನ ಬೆಂಚು ಖಾಲಿ ಉಳಿಯುತ್ತದೆ, ಅಷ್ಟೆ.

ಇದನ್ನು ಬಲವಂತವೆಂದು ಮೂಗು ಮುರಿಯುವವರು ಹಿಂದಿನವರ ಉಪಾಯಗಳನ್ನೂ ನೋಡಬೇಕು. ಲೂಥರನಿಗೆ ದೃಢೀಕರಣವೆಂಬ ಶಾಸ್ತ್ರದ ಮೇಲೇನೂ ಅಂಥ ಮೋಹವಿರಲಿಲ್ಲ, ಅದು ಸಂಸ್ಕಾರವೇ ಅಲ್ಲ ಅಂದವನು ಆತ. ಪ್ರಾಟೆಸ್ಟೆಂಟರ ದೃಢೀಕರಣಕ್ಕೆ ಮೊದಲ ರೂಪ ಕೊಟ್ಟದ್ದು ಮಾರ್ಟಿನ್ ಬುಟ್ಸರ್, 1539ರಲ್ಲಿ, ಹೆಸ್ಸೆನ್ ಸೀಮೆಯ ಸೀಗನ್‌ಹೈನಿನಲ್ಲಿ. ಲೂಥರನ ಕಾಳಜಿಯೆಲ್ಲ ಕಲಿಕೆಯ ಮೇಲೆ. ಸ್ಯಾಕ್ಸನಿಯ ಹಳ್ಳಿ ಹಳ್ಳಿ ಸುತ್ತಿ, ಜನರಿಗಿರಲಿ, ಪಾದ್ರಿಗಳಿಗೇ ಏನೂ ಗೊತ್ತಿಲ್ಲವೆಂದು ತಲೆ ಚಚ್ಚಿಕೊಂಡು 1529ರಲ್ಲಿ ಸಣ್ಣ ಪ್ರಶ್ನೋತ್ತರಿ ಬರೆದ. ಅದರ ಮುನ್ನುಡಿಯಲ್ಲಿ, ಕಲಿಯಲು ಒಲ್ಲೆನೆನ್ನುವವರಿಗೆ ಅಪ್ಪ ಅಮ್ಮ, ಯಜಮಾನರು ಅನ್ನ ನೀರು ನಿಲ್ಲಿಸಲಿ, ದೊರೆ ಅಂಥವರನ್ನು ಗಡಿಪಾರು ಮಾಡುತ್ತಾನೆಂದೂ ಹೇಳಲಿ ಎಂಬ ಸಲಹೆ ಇದೆ. ಡೆನ್ಮಾರ್ಕ್-ನಾರ್ವೆಯ ದೊರೆ 1736ರಲ್ಲಿ ದೃಢೀಕರಣವನ್ನು ಕಡ್ಡಾಯ ಮಾಡಿದ. ಅದಾಗದವರಿಗೆ ಮದುವೆಯೂ ಇಲ್ಲ. ಫಿನ್‌ಲ್ಯಾಂಡಿನಲ್ಲಿ ಓದು ಕಲಿಯದ ಸೋಮಾರಿಗಳನ್ನು ಚರ್ಚಿನ ಬಾಗಿಲಲ್ಲಿ ಮರದ ಕೊರಡಿಗೆ ಕಾಲು ಸಿಕ್ಕಿಸಿ ಕೂರಿಸುತ್ತಿದ್ದರು. ಅಲ್ಲಿನ ಅಲೆಕ್ಸಿಸ್ ಕಿವಿ 1870ರಲ್ಲಿ ಬರೆದ 'ಏಳು ಸೋದರರು' ಕಾದಂಬರಿಯಲ್ಲಿ ಅಣ್ಣತಮ್ಮಂದಿರು ಅಕ್ಷರಮಾಲೆಯ ಕಾಟ ತಾಳಲಾರದೆ ಉಪದೇಶಿಯ ಮನೆಯ ಕಿಟಕಿ ಹಾರಿ ಓಡುತ್ತಾರೆ. ಈಗ ನಮ್ಮ ಪಾಸ್ಟರ್ ಏನು ಮಾಡುತ್ತಾರೆ? ಕಲಿಯದಿದ್ದರೂ ಪಿಜ್ಜಾ ತರಿಸುತ್ತಾರೆ. ಅನ್ನ ನಿಲ್ಲಿಸುವುದರಿಂದ ಪಿಜ್ಜಾ ತರಿಸುವವರೆಗೆ ಬರಲು ಚರ್ಚಿಗೆ ಸುಮಾರು ಐನೂರು ವರ್ಷ ಹಿಡಿಯಿತು. ಕಿಟಕಿ ಹಾರುವವರು ಈಗಲೂ ಹಾರುತ್ತಾರೆ, ಪಿಜ್ಜಾ ಮುಗಿದ ಮೇಲೆ.

ಲೂಥರ್ ಆ ಪುಸ್ತಕ ಬರೆದದ್ದು ಮನೆ ಯಜಮಾನನಿಗೂ ಎಂಬುದನ್ನು ಮಾತ್ರ ನಾವೆಲ್ಲ ಸೇರಿ ನಯವಾಗಿ ಮರೆತಿದ್ದೇವೆ. ಮನೆಯ ಹಿರಿಯ ತನ್ನ ಮನೆಯವರಿಗೆ ಇದನ್ನು ಹೇಗೆ ಸರಳವಾಗಿ ಕಲಿಸಬೇಕು ಎಂದು ಭಾಗಭಾಗದ ತಲೆಯ ಮೇಲೂ ಬರೆದಿದ್ದಾನೆ. ಹೆತ್ತವರ ಸಭೆಯಲ್ಲಿ ಪಾಸ್ಟರ್ ಇದನ್ನು ಎತ್ತಿದಾಗ ಅಪ್ಪಂದಿರೆಲ್ಲ ಒಟ್ಟಾಗಿ ನೆಲದ ಹೆಂಚು ಎಣಿಸತೊಡಗಿದರು. ನಾನೊಬ್ಬಳು ತಲೆಯೆತ್ತಿ ಕೂತಿದ್ದೆ. ದಶಾಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ಇಪ್ಪತ್ತಮೂರನೇ ಕೀರ್ತನೆ, ಮಕ್ಕಳಿಗೆ ಬಾಯಿಪಾಠ ಮಾಡಲು ಕೊಟ್ಟದ್ದೆಲ್ಲ ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತದೆ. ಕನ್ನಡದಲ್ಲಿ.

ಅಂದು ರಾತ್ರಿ ಅಡುಗೆಮನೆಯಲ್ಲಿ ಮಗಳನ್ನು ಎದುರು ಕೂರಿಸಿಕೊಂಡೆ. ಅವಳು ಜರ್ಮನ್ನಿನಲ್ಲಿ ಎರಡನೇ ಆಜ್ಞೆಗೆ ತಡವರಿಸಿದಳು. ನಾನು ಕನ್ನಡದಲ್ಲಿ ಹತ್ತನ್ನೂ ಒಂದೇ ಉಸಿರಿಗೆ ಒಪ್ಪಿಸಿ, ಹಾಗೇ ವಿಶ್ವಾಸ ಪ್ರಮಾಣಕ್ಕೂ ಇಳಿದೆ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು, ನಾನು ನಿಲ್ಲಿಸಲಿಲ್ಲ. ಅವಳು ಮೆಚ್ಚಿಗೆಯಿಂದಲೇ ಕೇಳಿಸಿಕೊಂಡಳು. ಆಮೇಲೆ ಪುಸ್ತಕದತ್ತ ನೋಡಿ, "ಸರಿ, ಅದರ ಅರ್ಥ ಏನು?" ಎಂದಳು. ಲೂಥರನ ಚಾಳಿಯೇ ಅದು, ಒಂದೊಂದು ಮಾತು ಮುಗಿದ ಕೂಡಲೇ ಹಾಗೆಂದರೇನು ಎಂದು ಕೇಳುವುದು. ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು ಎಂಬುದಕ್ಕೆ ಅವನ ವಿವರಣೆ ಬರಿಯ ಸುಳ್ಳಿಗೆ ನಿಲ್ಲುವುದಿಲ್ಲ. ನೆರೆಯವನ ಪರವಾಗಿ ನಾಲ್ಕು ಒಳ್ಳೆಯ ಮಾತು ಆಡಬೇಕು, ಅವನು ಮಾಡಿದ್ದನ್ನೆಲ್ಲ ಒಳ್ಳೆಯ ಅರ್ಥದಲ್ಲೇ ತೆಗೆದುಕೊಳ್ಳಬೇಕು ಎನ್ನುತ್ತದೆ. "ಅಂದರೆ ಮೇಲಿನ ಮನೆಯವರ ವಿಷಯ ನೀನು ಅಪ್ಪನ ಹತ್ತಿರ ಹೇಳುತ್ತೀಯಲ್ಲ, ಅದು?" ನಾನು ಸಾರಿನ ಕಡೆಗೆ ಹೋದೆ. ಮರುದಿನ ಅಮ್ಮನಿಗೆ ಫೋನು ಮಾಡಿ, ನಮಗೆ ಇದನ್ನೆಲ್ಲ ಹೇಗೆ ವಿವರಿಸಿದ್ದಿರಿ ಎಂದು ಕೇಳಿದೆ. "ನಾವೆಂತ ವಿವರಿಸುವುದು ಮಾರಾಯ್ತಿ, ಅದಕ್ಕೆಲ್ಲ ಅಯ್ಯನವರು ಇದ್ದರಲ್ಲ!"

ವ್ಯುರ್ಟೆಂಬರ್ಗಿನಲ್ಲಿ ಲೂಥರನ ಜೊತೆ ಇಲ್ಲಿನ ಸುಧಾರಕ ಯೊಹಾನ್ನೆಸ್ ಬ್ರೆಂಟ್ಸನ ಪ್ರಶ್ನೋತ್ತರವೂ ನಡೆಯುತ್ತದೆ. ಸ್ಥಳೀಯ ಅಭಿಮಾನ. ಚಕ್ರವರ್ತಿಯ ಸೈನಿಕರು ಬೆನ್ನಟ್ಟಿದಾಗ ಬ್ರೆಂಟ್ಸ್ ಒಂದು ರೊಟ್ಟಿ ಹಿಡಿದು ಸ್ಟುಟ್‌ಗಾರ್ಟಿನ ಯಾವುದೋ ಮನೆಯ ಅಟ್ಟದಲ್ಲಿ ಅಡಗಿದನಂತೆ. ದಿನಾ ಒಂದು ಕೋಳಿ ಬಂದು, ಸದ್ದು ಮಾಡದೆ, ಅವನ ಪಕ್ಕದಲ್ಲಿ ಮೊಟ್ಟೆಯಿಟ್ಟು ಹೋಗುತ್ತಿತ್ತಂತೆ. ಇಡೀ ವರ್ಷದ ಪಾಠದಲ್ಲಿ ನನ್ನ ಮಗಳಿಗೆ ಅಕ್ಷರಶಃ ನೆನಪಿರುವುದು ಈ ಕೋಳಿ. ಮೊಟ್ಟೆಯಿಟ್ಟೂ ಕೂಗದ ಕೋಳಿ, ಅದೇ ದೊಡ್ಡ ಪವಾಡ ಎನ್ನುತ್ತಾಳೆ. ಅವಳ ದೇವಶಾಸ್ತ್ರ ಗಟ್ಟಿಯಾಗಿಯೇ ಇದೆ.

ನಡುವೆ ಎರಡು ದಿನದ ಶಿಬಿರ, ಅಲ್ಲಿ ಫೋನುಗಳೆಲ್ಲ ಬುಟ್ಟಿಗೆ. ಒಂದು ಬೆಳಿಗ್ಗೆ ಬೇಕರಿಯಲ್ಲಿ ಹಿಟ್ಟು ನಾದಿ, ಬಡ ದೇಶಗಳ ಮಕ್ಕಳಿಗಾಗಿ ರೊಟ್ಟಿ ಮಾರಿದ್ದು. ಕೊನ್ಫಿಗಳಿಗೇ ಮೀಸಲಾದ ಫುಟ್ಬಾಲ್ ಪಂದ್ಯಾವಳಿಯೂ ಇದೆ, ನಮ್ಮವರು ಮೊದಲ ಸುತ್ತಿನಲ್ಲೇ ಮನೆಗೆ ಬಂದರು. ಪ್ರತಿಯೊಬ್ಬರೂ ಬೈಬಲಿನಿಂದ ತಮಗೊಂದು ವಚನ ಆರಿಸಿಕೊಳ್ಳಬೇಕು. ಬದುಕಿಡೀ ಜೊತೆಗಿರುವ ವಚನ ಎಂದು ಪಾಸ್ಟರ್ ಭಾವುಕರಾಗಿ ಹೇಳಿದರು. ಹುಡುಗರು ಅತಿ ಚಿಕ್ಕದು ಯಾವುದೆಂದು ಗೂಗಲ್ ಮಾಡಿದರು.

ಇಂಥವರಿಗಾಗಿ ಇಷ್ಟೆಲ್ಲ ಏಕೆ ಎಂದು ನಾನೊಮ್ಮೆ ಪಾಸ್ಟರನ್ನು ಕೇಳಿಯೇಬಿಟ್ಟೆ. ಅವರು ಪಾಸ್ಟರುಗಳ ನಡುವೆ ಓಡಾಡುವ ಹಳೆಯ ಕತೆ ಹೇಳಿದರು. ಮೂವರು ಪಾದ್ರಿಗಳ ಚರ್ಚುಗಳಲ್ಲೂ ಬಾವಲಿಗಳ ಕಾಟ. ಒಬ್ಬ ಹೊಗೆ ಹಾಕಿದ, ಅವು ಮತ್ತೆ ಬಂದವು. ಇನ್ನೊಬ್ಬ ಬಲೆ ಹಾಕಿ ಹಿಡಿದು ದೂರದ ಕಾಡಿಗೆ ಬಿಟ್ಟ, ಅವನು ಊರು ತಲುಪುವ ಮೊದಲೇ ಅವು ತಲುಪಿದ್ದವು. ಮೂರನೆಯವನು ಮಾತ್ರ ನಿಶ್ಚಿಂತೆಯಿಂದ ಹೇಳಿದ: "ನಾನು ಅವಕ್ಕೆ ದೀಕ್ಷಾಸ್ನಾನ ಮಾಡಿಸಿ, ದೃಢೀಕರಣ ಕೊಟ್ಟೆ. ಅಂದಿನಿಂದ ಒಂದೂ ಚರ್ಚಿನ ಕಡೆ ತಲೆ ಹಾಕಿಲ್ಲ." ಹೇಳಿ ಮುಗಿಸಿ ಪಾಸ್ಟರ್ ಬಿದ್ದು ಬಿದ್ದು ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ಮುಂದಿನ ಬುಧವಾರದ ಪಿಜ್ಜಾಕ್ಕೆ ಫೋನು ಮಾಡಿದರು.

ದೃಢೀಕರಣದ ಭಾನುವಾರ ಈಸ್ಟರ್ ಕಳೆದ ಮೇಲೆ ಬಂತು. ಹಿಂದಿನ ದಿನ ಪೂರ್ವಾಭ್ಯಾಸದಲ್ಲಿ ಹುಡುಗಿಯರೆಲ್ಲ ಜೀವಮಾನದ ಮೊದಲ ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ, ಚರ್ಚಿನ ಹಳೆಯ ಕಲ್ಲುಹಾಸಿನ ಮೇಲೆ, ಪರಸ್ಪರ ತೋಳು ಹಿಡಿದು ನಡೆದರು. ಹುಡುಗರ ಸೂಟುಗಳು ಮುಂದಿನ ವರ್ಷದ ಅಳತೆಗೆ ಹೊಲಿದವು. ನಮ್ಮಲ್ಲಿ ಕೈಯಿಡಲು ಬಿಷಪ್ಪರು ಬಂದಿದ್ದರು, ಇಲ್ಲಿ ಊರ ಪಾಸ್ಟರೇ ಸಾಕು. ಒಬ್ಬೊಬ್ಬರೂ ಮಂಡಿಯೂರಿದಂತೆ ಅವರು ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಆ ದಿನ ತಮ್ಮ ಬಲಗೈ ಸಂಜೆಯವರೆಗೂ ಹೇರ್ ಜೆಲ್ಲಿನಿಂದ ಅಂಟುತ್ತಿರುತ್ತದೆ ಎಂದು ಅವರೇ ಆಮೇಲೆ ಹೇಳಿದರು. ಪ್ರಶ್ನೆ ಬಂದಾಗ ಮಕ್ಕಳೆಲ್ಲ 'ಹೌದು' ಎಂದರು. ಒಡಕು ದನಿಯಲ್ಲಿ, ಆದರೆ ಒಬ್ಬರೂ ಹೆಗಲು ಕುಣಿಸಲಿಲ್ಲ. ನನ್ನ ಗಂಟಲು ಕಟ್ಟಿತ್ತು, ಪಕ್ಕದ ಅಪ್ಪಂದಿರು ಮತ್ತೆ ಹೆಂಚು ಎಣಿಸುತ್ತಿದ್ದರು.

ಆಮೇಲೆ ಲಕೋಟೆಗಳು. ಈ ಕಡೆಯ ಊರುಗಳಲ್ಲಿ ನೆಂಟರಷ್ಟೇ ಅಲ್ಲ, ಬೀದಿಯವರೂ ಒಂದು ಕಾರ್ಡಿನಲ್ಲಿ ನೋಟು ಮಡಚಿ ಅಂಚೆಪೆಟ್ಟಿಗೆಗೆ ಹಾಕಿ ಹೋಗುತ್ತಾರೆ. ಒಬ್ಬೊಬ್ಬರಿಗೂ ಕೃತಜ್ಞತೆಯ ಕಾರ್ಡು ಬರೆಯಬೇಕಾದ್ದರಿಂದ ಮಗಳು ಹೆಸರು, ಮೊತ್ತ ಎಂದು ಎರಡು ಕಂಬಸಾಲು ಎಳೆದು ಕೂತಳು. ಯಾರೂ ಕಲಿಸದೆಯೇ ಮುಯ್ಯಿ ಪುಸ್ತಕ! ಮೇಲಿನ ಮನೆಯವರೂ ಇಪ್ಪತ್ತು ಯೂರೋ ಹಾಕಿದ್ದರು. ಅವರ ಬಗ್ಗೆ ಅಂದಿನಿಂದ ನಾನು ಎಲ್ಲವನ್ನೂ ಒಳ್ಳೆಯ ಅರ್ಥದಲ್ಲೇ ತೆಗೆದುಕೊಳ್ಳುತ್ತಿದ್ದೇನೆ.

ಪಕ್ಕದ ತೋಟದ ಅಜ್ಜ ಲಕೋಟೆಯನ್ನು ಕೈಯಾರೆ ಕೊಡಲು ಬೇಲಿಯ ಹತ್ತಿರ ಬಂದರು. ದೃಢೀಕರಣವಾಗಿ ಐವತ್ತು ವರ್ಷ ತುಂಬಿದವರನ್ನು ಇಲ್ಲಿನ ಸಭೆಗಳು ಮತ್ತೆ ಕರೆಸಿ ಸುವರ್ಣ ದೃಢೀಕರಣ ಆಚರಿಸುತ್ತವೆ, ಅವರದೂ ಆಗಿತ್ತು. ಅವರ ಕಾಲದಲ್ಲಿ ಇಡೀ ಸಭೆಯ ಎದುರು ಬಾಯಿಪರೀಕ್ಷೆ ಇರುತ್ತಿತ್ತಂತೆ. ಮಗಳನ್ನು ನೋಡಿದ್ದೇ ಎದೆಯುಬ್ಬಿಸಿ, ಬ್ರೆಂಟ್ಸನ ಒಂದು ಉತ್ತರವನ್ನು ಅಲ್ಪಪ್ರಾಣ ಮಹಾಪ್ರಾಣ ತಪ್ಪದ ಹಾಗೆ ಒಪ್ಪಿಸಿದರು. ನನಗೆ ನಾಚಿಕೆಯೇ ಆಯಿತು, ಐವತ್ತು ವರ್ಷದ ಮೇಲೂ ಇಷ್ಟು ನೆನಪೇ! ಮಗಳು ಬಿಡುವವಳೇ? ಪುಸ್ತಕದಲ್ಲಿ ಅದರ ಮುಂದಿನ ಪ್ರಶ್ನೆ ಕೇಳಿದಳು.

"ಅದು ನನ್ನದಲ್ಲ" ಎಂದರು ಅಜ್ಜ. "ಯಾರಿಗೆ ಯಾವ ಪ್ರಶ್ನೆ ಎಂದು ಪಾದ್ರಿ ಮೊದಲೇ ಹಂಚಿರುತ್ತಿದ್ದರು. ಅದು ಬೇಕರಿಯವನ ಮಗನದು. ಅವನು ಈಗ ಬರ್ಲಿನ್ನಿನಲ್ಲಿದ್ದಾನೆ, ನಂಬರ್ ಕೊಡಲೇ?"